ಕಾಸು ಕೂಲಿಯವನದು, ಪಕ್ಷ ಯಾರದು?

ಇಂಗ್ಲೆಂಡಿನ ಈಶಾನ್ಯಕ್ಕೆ ಡರ್ಹಮ್ ಎಂಬ ಕಲ್ಲಿದ್ದಲ ಸೀಮೆಯಿದೆ. ಕಾರ್ಮಿಕರದೇ ಆದ ಲೇಬರ್ ಪಕ್ಷ ಮೊಟ್ಟಮೊದಲು ಒಂದು ಕೌಂಟಿಯ, ಅಂದರೆ ಜಿಲ್ಲೆಯ, ಆಡಳಿತ ಹಿಡಿದದ್ದು ಅಲ್ಲೇ, 1919ರಲ್ಲಿ. 2025ರ ಮೇ ತಿಂಗಳ ಚುನಾವಣೆಯಲ್ಲಿ ಅದೇ ಡರ್ಹಮ್‌ನ 98 ಸ್ಥಾನಗಳಲ್ಲಿ 65ನ್ನು ರಿಫಾರ್ಮ್ ಎಂಬ ಬಲಪಂಥೀಯ ಪಕ್ಷ ಬಾಚಿಕೊಂಡಿತು. ಲೇಬರ್‌ಗೆ ಸಿಕ್ಕಿದ್ದು ನಾಲ್ಕೇ ನಾಲ್ಕು.

ಆ ಗಣಿ ಕೂಲಿಗಳ ಮೊಮ್ಮಕ್ಕಳಿಗೆ ಬುದ್ಧಿ ಕೆಟ್ಟಿದೆ ಅಂತ ಬೈಯುವವರಿದ್ದಾರೆ. ನಾವು ಬೈಯುವುದಿಲ್ಲ. ಬಡವ ಓಟು ಹಾಕಿದರೆ ಜಾಣ, ಹಾಕದಿದ್ದರೆ ದಡ್ಡ ಅನ್ನೋ ಮಾತನ್ನು ನಮ್ಮ ಕೇರಿಗಳಲ್ಲೂ ಬೇಕಾದಷ್ಟು ಕೇಳಿದ್ದೇವೆ. ಹಗ್ಗ ಹರಿದದ್ದು ಯಾವ ಕಡೆಯಿಂದ? ಮೊದಲು ಅದನ್ನು ನೋಡಬೇಕು.

ಲೇಬರ್ ಪಕ್ಷ ಆಕಾಶದಿಂದ ಉದುರಲಿಲ್ಲ. 1900ರಲ್ಲಿ ಕಾರ್ಮಿಕ ಸಂಘಗಳೂ ಸಮಾಜವಾದಿ ಗುಂಪುಗಳೂ ಕೂಡಿ ಕಟ್ಟಿದ್ದು. ಮರುವರ್ಷ ಟಾಫ್ ವೇಲ್ ರೈಲ್ವೆ ಕಂಪನಿಯ ಮೊಕದ್ದಮೆಯಲ್ಲಿ ಮುಷ್ಕರದ ನಷ್ಟವನ್ನು ಸಂಘವೇ ತುಂಬಿಕೊಡಬೇಕು ಅಂತ ತೀರ್ಪಾಯ್ತು. ಸಂಘ 23,000 ಪೌಂಡು ತೆರಬೇಕಾಯ್ತು. ಕಾನೂನು ಮಾಡುವ ಮನೆಯೊಳಗೆ ನಮ್ಮವರಿಲ್ಲದೆ ಹೋದರೆ ಬೀದಿಯಲ್ಲಿ ಗೆದ್ದದ್ದನ್ನು ಕೋರ್ಟಿನಲ್ಲಿ ಕಳಕೊಳ್ಳುತ್ತೇವೆ ಎಂಬುದು ಆಗ ದುಡಿಯುವವರಿಗೆ ಖಾತ್ರಿಯಾಯಿತು. 1911ರ ತನಕ ಪಾರ್ಲಿಮೆಂಟ್ ಸದಸ್ಯರಿಗೆ ಸಂಬಳವೇ ಇರಲಿಲ್ಲ. ಕೂಲಿಯವರ ಚಂದಾ ಹಣದಿಂದಲೇ ಅವರ ಪ್ರತಿನಿಧಿಗಳ ಹೊಟ್ಟೆ ತುಂಬಬೇಕಿತ್ತು. ಅನ್ನ ಹಾಕಿದವನ ಮಾತು ಕೇಳಲೇಬೇಕಿತ್ತು.

ಆ ಹಗ್ಗ ಗಟ್ಟಿಯಿದ್ದಾಗ ಫಲ ಸಿಕ್ಕಿತು. 1945ರಲ್ಲಿ ಅಟ್ಲೀ ಸರ್ಕಾರ ಬಂತು. 1947ರ ಜನವರಿ 1ರಂದು ಗಣಿಗಳು ರಾಷ್ಟ್ರದ ಸ್ವತ್ತಾದವು. ಹುಡುಗನಾಗಿದ್ದಾಗಲೇ ಗಣಿಗೆ ಇಳಿದಿದ್ದ ಅನ್ಯೂರಿನ್ ಬೆವನ್ ಆರೋಗ್ಯ ಮಂತ್ರಿಯಾಗಿ, 1948ರ ಜುಲೈ 5ರಿಂದ ಬಡವ ಬಲ್ಲಿದ ಎನ್ನದೆ ಎಲ್ಲರಿಗೂ ಪುಕ್ಕಟೆ ಆಸ್ಪತ್ರೆ ಸಿಗುವ ಹಾಗೆ ಮಾಡಿದರು. ಇದನ್ನು ಮರೆತು ಮಾತಾಡುವುದು ಅನ್ಯಾಯ.

ಹರಿದದ್ದು ಯಾವಾಗ? 1984ರ ಮಾರ್ಚ್‌ನಲ್ಲಿ ಥ್ಯಾಚರ್ ಆಡಳಿತ 20 ಗಣಿಗಳನ್ನು ಮುಚ್ಚಲು ಹೊರಟಾಗ ಗಣಿ ಕಾರ್ಮಿಕರು ಒಂದು ವರ್ಷ ಮುಷ್ಕರ ಹೂಡಿದರು. ಪೊಲೀಸರ ಲಾಠಿ ತಿಂದರು. ಹೆಂಗಸರು ಊರೂರಲ್ಲಿ ಗಂಜಿಕೇಂದ್ರ ನಡೆಸಿದರು. ಲೇಬರ್ ನಾಯಕತ್ವ ಅತ್ತಲೂ ಇಲ್ಲ ಇತ್ತಲೂ ಇಲ್ಲ ಅನ್ನುವ ಹಾಗೆ ನಿಂತಿತು. ಮುಷ್ಕರ ಸೋತಿತು. ಗಣಿಗಳು ಒಂದೊಂದಾಗಿ ಮುಚ್ಚಿ, 2015ರ ಡಿಸೆಂಬರಿನಲ್ಲಿ ಯಾರ್ಕ್‌ಷೈರಿನ ಕೆಲಿಂಗ್ಲಿಯೊಂದಿಗೆ ಆಳದ ಗಣಿಗಾರಿಕೆಯೇ ಮುಗಿಯಿತು. ಗಣಿ ಮುಚ್ಚಿದಾಗ ಬರೀ ಕೂಲಿ ಹೋಗಲಿಲ್ಲ. ಸಂಘದ ಕಚೇರಿ, ಸಭೆ ಕೂರುವ ಜಾಗ, ಹುಡುಗರಿಗೆ ರಾಜಕೀಯ ಕಲಿಸುತ್ತಿದ್ದ ಹಿರಿಯರು, ಎಲ್ಲವೂ ಚದುರಿದವು. ಜನ ಕೂಡುವ ಜಾಗ ಹೋದಮೇಲೆ ಪಕ್ಷ ಅನ್ನೋದು ಚುನಾವಣೆಗೆ ಬಂದು ಹೋಗುವ ನೆಂಟನಾಯಿತು.

ಉತ್ಪಾದನೆಯ ಸಾಧನಗಳು ಸಮಾಜದ ಒಡೆತನಕ್ಕೆ ಬರಬೇಕೆಂಬ 1918ರ ಕಲಮನ್ನು 1995ರಲ್ಲಿ ಟೋನಿ ಬ್ಲೇರ್ ಪಕ್ಷದ ಸಂವಿಧಾನದಿಂದ ತೆಗೆಸಿದರು. 1997ರಿಂದ 2010ರವರೆಗೆ ಲೇಬರ್ 13 ವರ್ಷ ಆಳಿತು. ಕನಿಷ್ಠ ಕೂಲಿ ಕಾನೂನು ತಂದದ್ದು ನಿಜ. ಆದರೆ ಮುಷ್ಕರದ ಕೈ ಕಟ್ಟಿದ ಥ್ಯಾಚರ್ ಕಾನೂನುಗಳಲ್ಲಿ ಬಹುಪಾಲನ್ನು ಮುಟ್ಟಲಿಲ್ಲ. ಜನ ಮೊದಲು ಸುಮ್ಮನಾದರು. 2001ರಲ್ಲಿ ಓಟು ಬಿದ್ದದ್ದು ನೂರಕ್ಕೆ 59. ಆಮೇಲೆ ಸಿಟ್ಟಾದರು. 2016ರ ಬ್ರೆಕ್ಸಿಟ್ ಮತದಾನದಲ್ಲಿ ಹಳೆಯ ಗಣಿ ಸೀಮೆಯಾದ ಬೋಲ್ಸೋವರ್‌ನಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿ ಯೂರೋಪಿನ ಒಕ್ಕೂಟ ಬೇಡವೆಂದರು. 2019ರಲ್ಲಿ ಅಲ್ಲಿ 49 ವರ್ಷ ಸದಸ್ಯರಾಗಿದ್ದ ಗಣಿ ಕಾರ್ಮಿಕ ಡೆನಿಸ್ ಸ್ಕಿನ್ನರ್ ಅವರೇ ಕನ್ಸರ್ವೇಟಿವರ ಎದುರು ಸೋತರು. 2024ರಲ್ಲಿ ಲೇಬರ್ 411 ಸ್ಥಾನ ಗೆದ್ದು ಬೀಗಿತು. ಬಿದ್ದ ಓಟಿನಲ್ಲಿ ಅದರ ಪಾಲು ನೂರಕ್ಕೆ 34ರಷ್ಟೂ ಇರಲಿಲ್ಲ.

ಇಲ್ಲೇ ಅಪಾಯ ಇರೋದು. ಸಿಟ್ಟು ಇದೆ, ಸಂಘಟನೆ ಇಲ್ಲ. ದಿಕ್ಕಿಲ್ಲದ ಸಿಟ್ಟನ್ನು ಯಾರು ಬೇಕಾದರೂ ಹೊಡಕೊಂಡು ಹೋಗುತ್ತಾರೆ. ರಿಫಾರ್ಮ್ ಪಕ್ಷದ ನಾಯಕ ನೈಜೆಲ್ ಫರಾಜ್ ಕೂಲಿಯವನಲ್ಲ. ಶ್ರೀಮಂತರ ಶಾಲೆಯಲ್ಲಿ ಓದಿ, ಲಂಡನ್ನಿನ ಪೇಟೆಯಲ್ಲಿ ದಲ್ಲಾಳಿಯಾಗಿದ್ದವರು. ಗಣಿ ಮುಚ್ಚಿಸಿದವರ ಕಡೆ ಅವರು ಬೆರಳು ತೋರಿಸುವುದಿಲ್ಲ. ದೋಣಿ ಹತ್ತಿ ಬಂದ ನಿರಾಶ್ರಿತರ ಕಡೆ ತೋರಿಸುತ್ತಾರೆ. 2024ರ ಆಗಸ್ಟಿನಲ್ಲಿ ರಾದರ್‌ಹ್ಯಾಮ್ ಹತ್ತಿರದ ಮ್ಯಾನ್ವರ್ಸ್‌ನಲ್ಲಿ ಗುಂಪೊಂದು ನಿರಾಶ್ರಿತರು ತಂಗಿದ್ದ ಹೋಟೆಲಿಗೆ ಬೆಂಕಿ ಹಚ್ಚಲು ನೋಡಿತು. ಮ್ಯಾನ್ವರ್ಸ್ ಒಂದು ಕಾಲಕ್ಕೆ ದೊಡ್ಡ ಗಣಿಯೂರು!

ಈ ರೋಗ ಇವತ್ತಿನದಲ್ಲ. 1974ರಲ್ಲಿ ಲೆಸ್ಟರ್‌ನ ಇಂಪೀರಿಯಲ್ ಟೈಪ್‌ರೈಟರ್ ಕಾರ್ಖಾನೆಯಲ್ಲಿ ಏಷ್ಯಾದ ಕಾರ್ಮಿಕರು ಮುಷ್ಕರ ಮಾಡಿದಾಗ ಅವರ ಯೂನಿಯನ್ನಿನ ಸ್ಥಳೀಯ ಮುಖಂಡರೇ ಜೊತೆ ನಿಲ್ಲಲಿಲ್ಲ. ನಮಗಿದು ಹೊಸದೇ? ಎಳೆಯನ್ನು ಬಾಯಿಗೆ ತಾಗಿಸಬೇಕಾಗುತ್ತದೆ ಅಂತ ಬೊಂಬಾಯಿ ಗಿರಣಿಗಳ ನೇಯ್ಗೆ ಖಾತೆಗೆ ನಮ್ಮವರನ್ನು ಬಿಟ್ಟುಕೊಳ್ಳದಿದ್ದಾಗ ಕೆಂಬಾವುಟದ ಸಂಘಗಳು ಎಷ್ಟು ದನಿ ಎತ್ತಿದವು? ಅದಕ್ಕೇ ಬಾಬಾಸಾಹೇಬರು 1936ರಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿದರು. ಬಂಡವಾಳಶಾಹಿಯಷ್ಟೇ ಅಲ್ಲ, ಬ್ರಾಹ್ಮಣಶಾಹಿಯೂ ದುಡಿಯುವವರ ಶತ್ರು ಎಂದು 1938ರಲ್ಲಿ ಮನ್ಮಾಡಿನ ರೈಲ್ವೆ ಕಾರ್ಮಿಕರಿಗೆ ತಿಳಿಹೇಳಿದರು.

ಬ್ರಿಟನ್ನಿನಲ್ಲೂ ಜಾತಿಯ ಮಾತು ಬಂದಾಗ ದೊಡ್ಡ ಪಕ್ಷಗಳು ಜಾರಿಕೊಂಡವು. 2010ರ ಸಮಾನತೆ ಕಾಯ್ದೆಯಲ್ಲಿ ಲೇಬರ್ ಸರ್ಕಾರ, ಬೇಕಾದರೆ ಮುಂದೆ ಜಾತಿಯನ್ನೂ ಸೇರಿಸಬಹುದು ಅಂತಷ್ಟೇ ಬರೆಯಿತು. ಸೇರಿಸಲೇಬೇಕು ಅಂತ 2013ರಲ್ಲಿ ಪಾರ್ಲಿಮೆಂಟ್ ಕಾನೂನು ಮಾಡಿತು. 2018ರಲ್ಲಿ ಕನ್ಸರ್ವೇಟಿವ್ ಸರ್ಕಾರ ಸೇರಿಸುವುದಿಲ್ಲ ಎಂದುಬಿಟ್ಟಿತು.

ಕೂಡಿ ನಿಂತ ದಿನಗಳೂ ಇವೆ. 1976ರಿಂದ 1978ರವರೆಗೆ ಲಂಡನ್ನಿನ ಗ್ರನ್‌ವಿಕ್ ಫೋಟೋ ಕಾರ್ಖಾನೆಯ ಮುಂದೆ ಗುಜರಾತಿ ಹೆಣ್ಣುಮಗಳು ಜಯಾಬೆನ್ ದೇಸಾಯಿ ಮುಷ್ಕರ ನಡೆಸಿದಾಗ ಯಾರ್ಕ್‌ಷೈರಿನ ಬಿಳಿ ಗಣಿ ಕಾರ್ಮಿಕರು ಬಸ್ಸು ಮಾಡಿಕೊಂಡು ಬಂದು ಜೊತೆಗೆ ನಿಂತರು. ಆ ಮುಷ್ಕರವೂ ಸೋತಿತು. ಆದರೆ ಸೀರೆ ಉಟ್ಟವಳೂ ಗಣಿ ಟೋಪಿಯವನೂ ಒಂದೇ ಸಾಲಿನಲ್ಲಿ ನಿಲ್ಲಬಹುದು ಅಂತ ತೋರಿಸಿಕೊಟ್ಟಿತು.

ನಾವು ಹೇಳುವುದಿಷ್ಟು. ಪಕ್ಷಗಳ ಮೇಲೆ ಬೇಸರವಾಯಿತು ಅಂತ ಮನೆಯಲ್ಲಿ ಕೂತರೆ ಆ ಜಾಗಕ್ಕೆ ಇನ್ನೊಬ್ಬ ಬಂದು ಕೂರುತ್ತಾನೆ, ಬಂದವನು ನೆರೆಯವನ ಮೇಲೇ ನಮ್ಮನ್ನು ಛೂ ಬಿಡುತ್ತಾನೆ. ನಾವು ಕಾಸು ಹಾಕಿ, ನಾವೇ ಲೆಕ್ಕ ಕೇಳುವ ಸಂಘ ನಮಗೆ ಬೇಕು. ಕೇರಿಯಲ್ಲಿ ವಾರಕ್ಕೊಮ್ಮೆ ಸಭೆ ಕೂರುವ ಜಾಗ ಬೇಕು. ಡರ್ಹಮ್ ಕಳಕೊಂಡದ್ದು ಅದನ್ನೇ. ನಮ್ಮಲ್ಲಿ ಇರುವಷ್ಟನ್ನು ಕಳಕೊಳ್ಳದಿರೋಣ, ಇಲ್ಲದ ಕಡೆ ಕಟ್ಟೋಣ.