ಒಡ್ಡಿನ ಲಕ್ಕಿಗೆ ಎಣ್ಣಿ ಹೊಡಿಬ್ಯಾಡ್ರಿ

ಮೊಬೈಲಿನಾಗ ಹಿಮದ ಗುಡ್ಡದ ಗಿಡ್ಡ ವಿಲೋ ನೋಡಿ "ಸಸಿ ಎಲ್ಲಿ ಸಿಗ್ತದ" ಅಂತ ಕೇಳೋರು ಅದಾರ. ಅದು ಥಂಡಿ ನೆಲದ ಗಿಡ, ಭಾಲ್ಕಿ ಬಿಸಿಲಿಗೆ ತಡಿಯಂಗಿಲ್ಲ. ಅದು ಅಲ್ಲಿ ಮಣ್ಣು ಹಿಡಿದಂಗ ನಮ್ಮಲ್ಲಿ ಲಕ್ಕಿ ಹಿಡಿತದ. ಆ ಲಕ್ಕಿಗೇ ನಾವು ಗ್ಲೈಫೋಸೇಟ್ ಹೊಡೀತೀವಿ!

"ಜಾಗ ತಿಂತದ, ತೊಗರಿಗೆ ನೆರಳಾಗ್ತದ" ಅನ್ನೋದು ಸುಳ್ಳಲ್ಲ. ಅದಕ್ಕ ಕುಡಗೋಲು ಸಾಕು. ಬಿತ್ತೋ ಮುಂಚೆ ನಾನು ಮೊಣಕಾಲೆತ್ತರಕ್ಕೆ ಸವರ್ತೀನಿ, ಮತ್ತ ಚಿಗುರ್ತದ. ಎಣ್ಣಿ ಹಂಗಲ್ಲ, ಎಲೆಯಿಂದ ಬೇರಿಗೆ ಇಳೀತದ. ಬೇರು ಸತ್ತ ಒಡ್ಡು ಎರಿ ಹೊಲದಾಗ ದೊಡ್ಡ ಮಳೆಗೆ ನಿಲ್ಲಂಗಿಲ್ಲ. ಮ್ಯಾಲಿನ ಮಣ್ಣು, ಹಾಕಿದ ಗೊಬ್ಬರ ಎಲ್ಲಾ ಮಾಂಜ್ರಾ ಪಾಲು. ಆ ಮಣ್ಣು ಯಾವ ಅಂಗಡಿಯಾಗ ಸಿಗ್ತದ?

ಖಾಲಿ ಒಡ್ಡು ಇದ್ದೋರು ಮಿರಗದ ಮಳೆ ಬಿದ್ದ ಮ್ಯಾಲೆ ಬೆರಳು ದಪ್ಪದ, ಗೇಣುದ್ದದ ಬಲಿತ ಕಡ್ಡಿ ಅರ್ಧಕ್ಕಿಂತ ಹೆಚ್ಚು ಮಣ್ಣಾಗ ಊರ್ರಿ. 2 ಅಡಿಗೊಂದು ಸಾಕು. ಮೊದಲ ಬ್ಯಾಸಿಗ್ಯಾಗ ನೀರು ಕೊಡ್ರಿ. ದನ ಸಾಮಾನ್ಯವಾಗಿ ಬಾಯಿ ಹಾಕಂಗಿಲ್ಲ. ಸವರಿದ ಸೊಪ್ಪು ತಿಪ್ಪಿಗೆ, ಒಣ ಎಲೆ ಕಾಳಿನ ಚೀಲಕ್ಕೆ, ಕಡ್ಡಿ ಬುಟ್ಟಿಗೆ.

ಒಡ್ಡು ಇಬ್ಬರದು. ಬಾಜೂ ಹೊಲದೋರನ್ನ ಕೇಳದೆ ಎಣ್ಣಿ ಹೊಡಿಯೋದು ಯಾವ ನ್ಯಾಯ? ಕಡ್ಡಿ ಬೇಕಾದೋರು ಬರ್ರಿ, ಕಡಿದು ಕೊಡ್ತೀನಿ.