ಮೂಸಿಯ ದಂಡೆಯವರೂ ಮೈಸೂರಿನ ವಾಸ್ತುಶಿಲ್ಪಿಯೂ

ಮೂಸಿ ನದಿಯ ಅಭಿವೃದ್ಧಿ ಯೋಜನೆಯ ನಿಮಿತ್ತ 2024ರಲ್ಲಿ ಚಾದರ್‌ಘಾಟಿನ ಆಸುಪಾಸಿನ ಮನೆಗಳ ಗೋಡೆಗಳ ಮೇಲೆ ಕೆಂಪು ಅಕ್ಷರಗಳು ಬಿದ್ದುದನ್ನು ವಾಚಕರು ಮರೆತಿರಲಾರರು. ಕೆಲವು ಕುಟುಂಬಗಳು ಸರಕಾರವಿತ್ತ ಮನೆಗಳಿಗೆ ಹೋದವು. ಕೆಲವರು ಹೋಗಲೊಪ್ಪದೆ ಬೀದಿಗಿಳಿದರು. ನದಿಯು ಶುದ್ಧವಾಗಬೇಕೆಂಬುದರಲ್ಲಿ ಎರಡು ಮಾತಿಲ್ಲ. 1908ರ ಮಹಾಪ್ರವಾಹದ ತರುವಾಯ ಶ್ರೀ ವಿಶ್ವೇಶ್ವರಯ್ಯನವರು ಈ ನಗರಕ್ಕೆ ಮಾಡಿದ ಉಪಕಾರವನ್ನು ಬಲ್ಲ ಕನ್ನಡಿಗರಿಗೆ ಅದನ್ನು ಹೇಳಬೇಕಾದುದೂ ಇಲ್ಲ. ಎಬ್ಬಿಸಿದ ಜನರನ್ನು ಎಲ್ಲಿ, ಹೇಗೆ ನೆಲೆಗೊಳಿಸುವುದೆಂಬುದೇ ಪ್ರಶ್ನೆ. ಈ ಪ್ರಶ್ನೆಯಲ್ಲಿಯೇ ಆಯುಷ್ಯವನ್ನು ಸವೆಸಿದ, ಮೈಸೂರಿನ ಅನ್ನವನ್ನುಂಡ ಒಬ್ಬ ವಾಸ್ತುಶಿಲ್ಪಿಯ ವೃತ್ತಾಂತವು ಇಲ್ಲಿ ವಿಚಾರಾರ್ಹವಾಗಿದೆ.

ಒಟ್ಟೋ ಕೋನಿಗ್ಸ್‌ಬರ್ಗರ್ ಎಂಬವರು 1908ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದರು. ಯೆಹೂದ್ಯರಾದ ಕಾರಣ 1933ರಲ್ಲಿ ಸರಕಾರಿ ಉದ್ಯೋಗವನ್ನು ಕಳೆದುಕೊಂಡು, ಸ್ವದೇಶವನ್ನು ತೊರೆದು ಈಜಿಪ್ತನ್ನು ಸೇರಿದರು. 1939ರಲ್ಲಿ ದಿವಾನ್ ಸರ್ ಮಿರ್ಜಾ ಇಸ್ಮಾಯಿಲರು (1946-47ರಲ್ಲಿ ನಮ್ಮ ಹೈದರಾಬಾದಿಗೂ ಪ್ರಧಾನಿಗಳಾಗಿದ್ದವರು ಇವರೇ) ಅವರನ್ನು ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ನೇಮಿಸಿಕೊಂಡರು. ಬೆಂಗಳೂರಿನ ಟಾಟಾ ವಿಜ್ಞಾನ ಮಂದಿರದ ಕೆಲವು ಕಟ್ಟಡಗಳು ಅವರ ಕೈಯವು. ಭದ್ರಾವತಿ, ಜಮ್‌ಷೆಡ್‌ಪುರಗಳಿಗೂ ನಕ್ಷೆ ಹಾಕಿದರು. 1948ರಲ್ಲಿ ಭುವನೇಶ್ವರದ ನಕ್ಷೆಯನ್ನು ರಚಿಸಿದಾಗ ಅವರು ಹಿಡಿದ ಅಳತೆಯು ಮನನೀಯವಾದುದು: ಮಗುವು ನಡೆದೇ ಶಾಲೆಯನ್ನು ಸೇರಬೇಕು, ಗುಮಾಸ್ತನು ನಡೆದೋ ಸೈಕಲ್ಲಿನಲ್ಲೋ ಕಚೇರಿಯನ್ನು ಮುಟ್ಟಬೇಕು.

ದೇಶವಿಭಜನೆಯ ಬಳಿಕ ಈ ನಿರಾಶ್ರಿತನನ್ನೇ ನಿರಾಶ್ರಿತರಿಗೆ ಮನೆ ಕಟ್ಟಿಸುವ ಕೇಂದ್ರಾಧಿಕಾರಿಯನ್ನಾಗಿ ನೆಹರೂ ಸರಕಾರವು ನೇಮಿಸಿತು. ಆಗ ನಡೆದ ಎರಡು ಪ್ರಯೋಗಗಳನ್ನು ಎದುರುಬದುರಾಗಿ ಇರಿಸಿ ನೋಡತಕ್ಕದ್ದು. ಮೊದಲನೆಯದು ದಿಲ್ಲಿಯ ಕಾರ್ಖಾನೆ. ಗೋಡೆಯ ಫಲಕಗಳನ್ನು ಯಂತ್ರದಲ್ಲಿ ಎರಕ ಹೊಯ್ದು ಜೋಡಿಸಿದರೆ ಮನೆ ಸಿದ್ಧವೆಂದು ಎಣಿಸಲಾಗಿತ್ತು. ಫಲಕಗಳು ಬಿರುಕು ಬಿಟ್ಟವು. ಯೋಜನೆಯು ಮುರಿದುಬಿದ್ದು ಪಾರ್ಲಿಮೆಂಟಿನಲ್ಲಿಯೂ ಕೋಲಾಹಲವಾಯಿತು. ಎರಡನೆಯದು ಫರೀದಾಬಾದು. ವಾಯವ್ಯ ಸರಹದ್ದಿನಿಂದ ಬಂದ ಸುಮಾರು 30,000 ಜನರಲ್ಲಿ ದುಡಿಯಬಲ್ಲವರು ತಾವೇ ಇಟ್ಟಿಗೆ ಹೊತ್ತು ತಮ್ಮ ಊರನ್ನು ಕಟ್ಟಿದರು. ಮನೆಗಳೊಂದಿಗೆ ಶಾಲೆ, ಆಸ್ಪತ್ರೆ, ಉದ್ಯೋಗಶಾಲೆಗಳೂ ಎದ್ದವು. ಆ ಸಹಕಾರ ಕಾರ್ಯಕ್ಕೆ ಬೆನ್ನೆಲುಬಾದವರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರೂ ಒಬ್ಬರೆಂಬುದು ಕರಾವಳಿಯಿಂದ ಬಂದ ನಮ್ಮ ಹೋಟೆಲ್ ಬಂಧುಗಳಿಗೆ ಅಭಿಮಾನದ ವಿಷಯ. ಅಧಿಕಾರಿಗಳ ಕೈ ಬಲವಾದಂತೆ ಅಲ್ಲಿನ ಸಹಕಾರ ಸಂಘಗಳು ಸೊರಗಿದುದೂ ನಿಜವೇ. ಆದರೂ ಊರು ಉಳಿಯಿತು.

1951ರಲ್ಲಿ ಕೋನಿಗ್ಸ್‌ಬರ್ಗರರು ಲಂಡನ್ನಿಗೆ ತೆರಳಿ ಅಧ್ಯಾಪಕರಾದರು. ಉಷ್ಣದೇಶಗಳ ಗೃಹನಿರ್ಮಾಣವನ್ನು ಏಷ್ಯಾ, ಆಫ್ರಿಕಾಗಳ ವಿದ್ಯಾರ್ಥಿಗಳಿಗೆ ದಶಕಗಳ ಕಾಲ ಬೋಧಿಸಿದರು. ಹಲವು ವರ್ಷಗಳಿಗೆ ಒಮ್ಮೆ ಬರೆದಿಟ್ಟ ಬೃಹನ್ನಕ್ಷೆಗಿಂತ, ಕೆಲಸ ಮಾಡುತ್ತ ನೋಡಿ ತಿದ್ದಿಕೊಳ್ಳುವ ಯೋಜನೆಯೇ ಲೇಸೆಂಬುದು ಅವರ ಬೋಧನೆಯ ತಿರುಳು. ದಿಲ್ಲಿಯ ಬಿರುಕುಗಳು ಕಲಿಸಿದ ಪಾಠವದು ಎಂದು ನಾವು ಎಣಿಸುತ್ತೇವೆ. 1999ರಲ್ಲಿ ಅವರು ನಿಧನರಾದರು.

2023ರಿಂದ ಯುದ್ಧಕ್ಕೀಡಾದ ಗಾಜಾದಲ್ಲಿ ಬಹುಪಾಲು ಮನೆಗಳು ಹಾನಿಗೊಂಡಿವೆ. ಅಲ್ಲಿಯ ಪುನರ್ನಿರ್ಮಾಣದ ನಕ್ಷೆಗಳನ್ನು ಪರದೇಶಗಳಲ್ಲಿ ಬರೆಯುತ್ತಿರುವವರು ಫರೀದಾಬಾದಿನ ಕಡತಗಳನ್ನು ಬಿಚ್ಚಿ ನೋಡುವುದು ಒಳಿತು.

ಇತ್ತ ನಮ್ಮ ಮೂಸಿಗೆ ಬರೋಣ. ಬೆಳಗಿನ ನಾಲ್ಕು ಗಂಟೆಗೆ ಒಲೆ ಹೊತ್ತಿಸತಕ್ಕ ಅಡಿಗೆಯವನನ್ನು ಹತ್ತು ಮೈಲಿಯಾಚೆ ಇರಿಸಿದರೆ ಮನೆಯು ಎಷ್ಟು ಚೆನ್ನಾಗಿದ್ದರೇನು? ಹೋಟೆಲು ನಡೆಸಿದ ನಮಗೆ ಇದು ಪುಸ್ತಕದ ಮಾತಲ್ಲ. ಕೊನೆಯ ಬಸ್ಸು ತಪ್ಪಿದ ಮಾಣಿಗಳು ಮೇಜಿನ ಮೇಲೆಯೇ ಮಲಗುವುದನ್ನು ಕಂಡಿದ್ದೇವೆ. ದಂಡೆಯ ಮನೆಗಳನ್ನು ಎಣಿಸುವ ಅಧಿಕಾರಿಗಳು ಒಬ್ಬೊಬ್ಬರ ಕೆಲಸದ ಸ್ಥಳವನ್ನೂ ವೇಳೆಯನ್ನೂ ಬರೆದುಕೊಳ್ಳಲಿ. ಬಾಡಿಗೆದಾರರಿಗೆ ಏನು ಸಿಕ್ಕುವುದೆಂಬುದನ್ನು, ಗೋಡೆಗೆ ಗುರುತು ಹಾಕುವ ಮೊದಲೇ, ತೆಲುಗು, ಉರ್ದುಗಳಲ್ಲಿ ಅಚ್ಚು ಹಾಕಿಸಿ ಹಂಚಲಿ.