ಹದಿನೇಳರ ಹುಡುಗನಿಗೆ ಯಾವ ವಾರ್ಡು?

ಕ್ಯಾನ್ಸರ್ ಮುದುಕರ ರೋಗವೆಂಬ ಭಾವನೆ ನಮ್ಮ ಜನರಲ್ಲಿ ಬೇರೂರಿದೆ. ಆದುದರಿಂದಲೇ ಹದಿನೇಳು ವರ್ಷದ ಹುಡುಗ ಬಿಡದ ಜ್ವರದಿಂದ ಬಿಳಿಚಿಕೊಂಡರೆ, ಒಸಡಿನಲ್ಲಿ ರಕ್ತ ಕಂಡರೆ, ಮನೆಯವರು ಟಾನಿಕ್ಕಿನ ಸೀಸೆ ತರುತ್ತಾರೆ. ವಾರಗಳು ಉರುಳುತ್ತವೆ. ಅವರನ್ನು ಹಳಿದು ಫಲವಿಲ್ಲ. ಆಸ್ಪತ್ರೆಗೆ ಹೋಗಬೇಕೆಂದರೆ ಮಿಲ್ಲಿನ ಪಾಳಿ ತಪ್ಪುತ್ತದೆ, ಅಂಗಡಿಯವನಾದರೆ ಬಾಗಿಲೆಳೆಯಬೇಕು.

ಎಳೆಯರನ್ನು ಕೊಲ್ಲುವ ರಕ್ತದ ಕ್ಯಾನ್ಸರಿನ ಮಾತನ್ನೇ ತೆಗೆದುಕೊಳ್ಳೋಣ. 1948ರಲ್ಲಿ ಬೋಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ 16 ಮಕ್ಕಳಿಗೆ ಹೊಸ ಔಷಧ ಕೊಟ್ಟ ವರದಿ ಪ್ರಕಟಿಸಿದರು. ಹತ್ತು ಮಕ್ಕಳು ಚೇತರಿಸಿಕೊಂಡರು, ಅದೂ ಕೆಲವು ಕಾಲ ಮಾತ್ರ. ಇಂದು ಶ್ರೀಮಂತ ದೇಶಗಳಲ್ಲಿ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ತಗುಲಿದ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಂದಿ ಉಳಿಯುತ್ತಾರೆ. ಮೆಥೋಟ್ರೆಕ್ಸೇಟ್, ಮರ್ಕಾಪ್ಟೊಪ್ಯೂರಿನ್, ವಿನ್‌ಕ್ರಿಸ್ಟೀನ್ ಮೊದಲಾದ ಮುಖ್ಯ ಔಷಧಗಳು ಅರ್ಧ ಶತಮಾನಕ್ಕೂ ಹಳೆಯವು.

ಮೀಸೆ ಮೂಡಿದವನ ಪಾಡು ಬೇರೆ. ಅಮೆರಿಕದಲ್ಲಿ ಇದೇ ರೋಗದ 16ರಿಂದ 20 ವಯಸ್ಸಿನವರ ಲೆಕ್ಕ 2008ರಲ್ಲಿ ಪ್ರಕಟವಾಯಿತು. ಮಕ್ಕಳ ವೈದ್ಯರ ಕ್ರಮದಂತೆ ಚಿಕಿತ್ಸೆ ಪಡೆದವರಲ್ಲಿ ಏಳು ವರ್ಷದ ಮೇಲೆ ನೂರಕ್ಕೆ 67 ಮಂದಿ ಬದುಕಿದ್ದರು. ದೊಡ್ಡವರ ವೈದ್ಯರ ಕ್ರಮಕ್ಕೆ ಸಿಕ್ಕವರಲ್ಲಿ 46! ರೋಗ ಒಂದೇ, ವಯಸ್ಸು ಒಂದೇ. ಮಕ್ಕಳ ಕ್ರಮದಲ್ಲಿ ಕೆಲವು ಔಷಧಗಳ ಪ್ರಮಾಣ ಹೆಚ್ಚು, ಮಿದುಳಿಗೆ ರೋಗ ಹಬ್ಬದಂತೆ ತಡೆಯುವ ಚಿಕಿತ್ಸೆಯೂ ಬೇಗ. ಅಂತೂ ಹುಡುಗನನ್ನು ಯಾವ ಬಾಗಿಲಿಗೆ ಕಳಿಸಿದರೆಂಬುದು ಅವನ ಆಯುಸ್ಸನ್ನು ನಿರ್ಧರಿಸಿತು. ಆ ಬಳಿಕ ದೊಡ್ಡವರ ವೈದ್ಯರೂ ಮಕ್ಕಳ ಕ್ರಮವನ್ನು ಅನುಸರಿಸತೊಡಗಿದರು.

ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ತಗುಲಿದ ಮಕ್ಕಳು ಮತ್ತು ಹದಿಹರೆಯದವರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಗುಣವಾದರೆ, ಬಡ ಮತ್ತು ಮಧ್ಯಮ ಆದಾಯದ ಅನೇಕ ದೇಶಗಳಲ್ಲಿ 30 ಮಂದಿಯೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ತಡವಾಗಿ ಪತ್ತೆ, ಔಷಧದ ಅಭಾವ, ಚಿಕಿತ್ಸೆಯನ್ನು ನಡುವೆ ಬಿಡುವುದು — ಇವು ಕಾರಣಗಳು. ನಡುವೆ ಏಕೆ ಬಿಡುತ್ತಾರೆ? ಈ ರೋಗದ ಚಿಕಿತ್ಸೆ ಎರಡು ವರ್ಷಕ್ಕೂ ಮೀರಿ ನಡೆಯುತ್ತದೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ರಾತ್ರಿ ಬಸ್ಸು, ಅಲ್ಲಿ ತಂಗಲು ಜಾಗ, ಜೊತೆಗೆ ಹೋದವನ ಕೂಲಿ. ಮಿಲ್ಲಿನ ಕೆಲಸಗಾರನಿಗೇ ಕ್ಯಾನ್ಸರ್ ಬಂದರೆ ಇ.ಎಸ್.ಐ. ದೀರ್ಘಕಾಲದ ಭತ್ಯ ಕೊಡುತ್ತದೆ. ಮಗನಿಗೆ ಬಂದರೆ ಔಷಧೋಪಚಾರವುಂಟು, ತಂದೆ ಕಳೆದುಕೊಂಡ ಕೂಲಿಗೆ ಕಾಸಿಲ್ಲ. ಚಿಕ್ಕ ವ್ಯಾಪಾರಿಗೆ ಅಷ್ಟೂ ಇಲ್ಲ.

ಮೂರು ವರ್ಷಗಳಲ್ಲಿ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ಡೇ ಕೇರ್ ಕೇಂದ್ರ ತೆರೆಯುವುದಾಗಿ 2025ರ ಕೇಂದ್ರ ಬಜೆಟ್ಟಿನಲ್ಲಿ ಘೋಷಿಸಲಾಯಿತು; 2025-26ರಲ್ಲೇ 200 ಎಂದರು. ಬೋರ್ಡು ತೂಗಿಹಾಕುವುದು ಸುಲಭ. ಆ ಕೊಠಡಿಯಲ್ಲಿ ವಿನ್‌ಕ್ರಿಸ್ಟೀನ್ ವಾರವಾರವೂ ತಪ್ಪದೆ ಇರುವುದೇ? ಅದನ್ನು ಕೊಡಬಲ್ಲ ನರ್ಸು ಇರುವರೇ? ಹದಿನೇಳರ ಹುಡುಗ ಬಂದಾಗ ಕಿದ್ವಾಯಿಯ ಮಕ್ಕಳ ವೈದ್ಯರನ್ನು ಕೇಳಿ ಚಿಕಿತ್ಸೆ ನಡೆಸುವ ಏರ್ಪಾಡು ಉಂಟೇ? ಜಿಲ್ಲಾ ಆರೋಗ್ಯಾಧಿಕಾರಿಗಳು ಮತ್ತು ನಮ್ಮ ಶಾಸಕರು ಈ ಮೂರಕ್ಕೂ ಬರವಣಿಗೆಯಲ್ಲಿ ಉತ್ತರ ಕೊಡಲಿ. ಬಂದ ಉತ್ತರವನ್ನು ಇದೇ ಪುಟದಲ್ಲಿ ಅಚ್ಚುಹಾಕುತ್ತೇವೆ.